ಕಸ ಹೆಕ್ಕಬೇಕಾ, ಸಸಿ ನೆಡಬೇಕಾ, ಹಕ್ಕಿ ಎಣಿಸಬೇಕಾ? ಗುಂಪು ಕಟ್ಟಿಕೊಂಡು ಹೊರಡುವ ಮೊದಲು

ಹದಿನೈದಿಪ್ಪತ್ತು ಜನ ಸೇರಿದ್ದೀರಿ. ಬೆಟ್ಟ, ಕಾಡು, ಕೆರೆ, ಕಡಲು ಅಂದರೆ ಎಲ್ಲರಿಗೂ ಇಷ್ಟ. ಬರೀ ತಿರುಗಾಡಿ ಬರುವ ಬದಲು ಆ ಜಾಗಕ್ಕೂ ಏನಾದರೂ ಮಾಡೋಣ ಅಂತ ಒಬ್ಬರು ಅಂದರು, ಉಳಿದವರು ಹೂಂ ಅಂದರು. ಆಮೇಲೆ ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಯಾರ ದನಿ ಜೋರೋ ಅವರು ಹೇಳಿದ್ದೇ ನಡೆಯುತ್ತದೆ, ಒಂದು ಭಾನುವಾರ ಸಸಿ ನೆಟ್ಟು ಫೋಟೋ ತೆಗೆಸಿಕೊಂಡು ಎಲ್ಲರೂ ಮನೆಗೆ ಹೋಗುತ್ತಾರೆ, ಮುಂದಿನ ತಿಂಗಳು ಅದಕ್ಕೆ ನೀರು ಯಾರು ಹಾಕಬೇಕು ಅಂತ ಯಾರಿಗೂ ಗೊತ್ತಿರುವುದಿಲ್ಲ.

ಹಾಗಾಗಿ ಆರು ಚಟುವಟಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಎಲ್ಲವೂ ಒಳ್ಳೆಯವೇ ಅಂತ ಹೇಳಿ ಜಾರಿಕೊಳ್ಳುವುದಿಲ್ಲ. ನನಗೆ ಕೆಲವು ಜಾಸ್ತಿ ಇಷ್ಟ, ಕೆಲವು ಕಮ್ಮಿ. ಯಾಕೆ ಅಂತಲೂ ಹೇಳುತ್ತೇನೆ.

ಅಳೆಯುವುದು ಹೇಗೆ? ನಾನು ಮೂರು ಪ್ರಶ್ನೆ ಕೇಳುತ್ತೇನೆ. ಒಂದು, ಆ ಜಾಗಕ್ಕೆ ನಿಜವಾಗಿ ಬೇಕಾಗಿರುವುದು ಏನು? ಎರಡು, ಮುಂದಿನ ವರ್ಷ ಇದೇ ಹೊತ್ತಿಗೆ ಈ ಗುಂಪಿನಲ್ಲಿ ಎಷ್ಟು ಜನ ಉಳಿದಿರುತ್ತಾರೆ? ಆರಂಭ ಶೂರತ್ವ ಎಲ್ಲ ಗುಂಪಿನಲ್ಲೂ ಇರುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಕೆಲಸ ಆರಿಸಬೇಕು. ಮೂರನೆಯದನ್ನು ಕೇಳುವವರೇ ಕಮ್ಮಿ: ನಾವು ಮಾಡುವುದು ತಪ್ಪಾದರೆ ಜಾಗಕ್ಕೆ ಎಷ್ಟು ಪೆಟ್ಟು? ಕಸ ಸರಿಯಾಗಿ ಹೆಕ್ಕದಿದ್ದರೆ ಹೆಚ್ಚೆಂದರೆ ಸ್ವಲ್ಪ ಕಸ ಉಳಿಯುತ್ತದೆ. ಗೊತ್ತಿಲ್ಲದೆ ಗಿಡ ಕಿತ್ತರೆ ಮಣ್ಣೇ ಕೊಚ್ಚಿಹೋಗಬಹುದು.

ಕಸ ಹೆಕ್ಕುವುದು

ಮೊದಲ ಸಲ ಸೇರುವ ಗುಂಪಿಗೆ ಇದಕ್ಕಿಂತ ಸುಲಭದ ಕೆಲಸ ಇಲ್ಲ. ಕಲಿಯಬೇಕಾದ್ದು ಕಮ್ಮಿ, ಚಿಕ್ಕ ಮಕ್ಕಳಿಂದ ವಯಸ್ಸಾದವರವರೆಗೆ ಯಾರು ಬೇಕಾದರೂ ಬರಬಹುದು, ಎರಡು ಗಂಟೆಯಲ್ಲಿ ಫಲ ಕಣ್ಣಿಗೆ ಕಾಣುತ್ತದೆ. ಜನ ಜಾಸ್ತಿಯಾದಷ್ಟೂ ಲಾಭ ಅನ್ನಬಹುದಾದ ಕೆಲಸ ಬಹುಶಃ ಇದೊಂದೇ. ಎಸ್ಟೋನಿಯಾದಲ್ಲಿ 2008ರ ಮೇ 3ರಂದು ಸುಮಾರು 50,000 ಜನ ಹೊರಬಿದ್ದು ಒಂದೇ ದಿನದಲ್ಲಿ ಸುಮಾರು 10,000 ಟನ್ ಕಸ ಎತ್ತಿದರು. ಈಗ ಜಗತ್ತಿನ ತುಂಬ ಆಚರಿಸುವ ವಿಶ್ವ ಸ್ವಚ್ಛತಾ ದಿನದ ಬೇರು ಅಲ್ಲೇ ಇದೆ. ಈ ಕಥೆ ಹೇಳುವಾಗ ಹೆಚ್ಚಿನವರು ಒಂದು ಭಾಗ ಬಿಟ್ಟುಬಿಡುತ್ತಾರೆ. ಆ ದಿನಕ್ಕೆ ತಿಂಗಳುಗಟ್ಟಲೆ ಮೊದಲೇ ಸ್ವಯಂಸೇವಕರು ದೇಶವೆಲ್ಲ ಸುತ್ತಿ, ಎಲ್ಲೆಲ್ಲಿ ಕದ್ದುಮುಚ್ಚಿ ಕಸ ಸುರಿದಿದ್ದಾರೆ ಅಂತ ಹುಡುಕಿ, 10,000ಕ್ಕೂ ಹೆಚ್ಚು ಜಾಗಗಳನ್ನು ನಕ್ಷೆಯಲ್ಲಿ ಗುರುತು ಮಾಡಿದ್ದರು. ಒಂದು ದಿನದ ಕೆಲಸ ಅಷ್ಟು ಚೆನ್ನಾಗಿ ನಡೆದದ್ದು ಆ ನಕ್ಷೆಯಿಂದ.

ಕಸ ಹೆಕ್ಕುವುದರ ಮೇಲಿರುವ ದೊಡ್ಡ ದೂರು ನಿಮಗೂ ಗೊತ್ತು: ಇವತ್ತು ಎತ್ತಿದರೆ ನಾಳೆ ಮತ್ತೆ ಬೀಳುತ್ತದೆ. ನಿಜ. ಇದಕ್ಕೆ ಪರಿಹಾರ ಎಣಿಸುವುದು. 1986ರಲ್ಲಿ ಅಮೆರಿಕದ ಟೆಕ್ಸಸ್ ಕಡಲತೀರದಲ್ಲಿ ಇಬ್ಬರು ಹೆಂಗಸರು, ಲಿಂಡಾ ಮರಾನಿಸ್ ಮತ್ತು ಕ್ಯಾಥಿ ಒಹಾರಾ, ಜನರನ್ನು ಸೇರಿಸಿ ಕಸ ಎತ್ತಿಸಿದರು. ಬರೀ ಎತ್ತಿಸಲಿಲ್ಲ, ಸಿಕ್ಕ ಒಂದೊಂದು ವಸ್ತುವನ್ನೂ ಕಾರ್ಡಿನಲ್ಲಿ ಬರೆಸಿದರು. ಅದೇ ಬೆಳೆದು ಅಂತರರಾಷ್ಟ್ರೀಯ ಕಡಲತೀರ ಸ್ವಚ್ಛತಾ ಅಭಿಯಾನ ಆಯಿತು. ಆ ಪಟ್ಟಿಗಳಲ್ಲಿ ದಶಕಗಳ ಕಾಲ ಮೊದಲ ಸ್ಥಾನ ಸಿಗರೇಟಿನ ತುಂಡಿಗೆ, 2019ರ ಲೆಕ್ಕದಲ್ಲಿ ಮೊದಲ ಸಲ ತಿಂಡಿಯ ಪೊಟ್ಟಣದ ಕಾಗದ ಅದನ್ನು ದಾಟಿತು. ಇಂಥ ಲೆಕ್ಕ ನಿಮ್ಮ ಕೈಯಲ್ಲಿದ್ದರೆ, ಕಸದ ಬುಟ್ಟಿ ಎಲ್ಲಿ ಇಡಬೇಕು, ಯಾವ ವಸ್ತುವಿನ ಬಗ್ಗೆ ಯಾರ ಹತ್ತಿರ ಹೋಗಿ ಮಾತಾಡಬೇಕು ಅನ್ನುವುದು ಗೊತ್ತಾಗುತ್ತದೆ. ಲೆಕ್ಕ ಇಲ್ಲದಿದ್ದರೆ ಬರೀ ಬೆನ್ನು ನೋವು.

ಎಲ್ಲ ಜಾಗದಲ್ಲೂ ಕಸದಿಂದ ಒಂದೇ ಥರದ ಹಾನಿ ಆಗುವುದಿಲ್ಲ. ಖಾಲಿ ಚಿಪ್ಪನ್ನೇ ಮನೆ ಮಾಡಿಕೊಳ್ಳುವ ಸನ್ಯಾಸಿ ಏಡಿಗಳು ವಾಸಿಸುವ ತೀರದಲ್ಲಿ ಬಾಯಿ ತೆರೆದ ಒಂದು ಬಾಟಲಿಯೂ ಅಪಾಯವೇ. ಒಳಗೆ ಹೋದ ಏಡಿ ಜಾರುವ ಗೋಡೆ ಹತ್ತಲಾರದೆ ಸಾಯುತ್ತದೆ, ಸತ್ತ ಏಡಿಯ ವಾಸನೆಗೆ ಖಾಲಿ ಚಿಪ್ಪು ಸಿಗಬಹುದು ಅಂತ ಇನ್ನೊಂದು ಬರುತ್ತದೆ, ಅದೂ ಅಲ್ಲೇ. ಹಿಂದೂ ಮಹಾಸಾಗರದ ಕೋಕೋಸ್ ಮತ್ತು ಪೆಸಿಫಿಕ್ ಸಾಗರದ ಹೆಂಡರ್ಸನ್ ದ್ವೀಪಗಳಲ್ಲಿ ಹೀಗೆ ಸತ್ತ ಏಡಿಗಳು ಸುಮಾರು 5,70,000 ಇರಬಹುದು ಅಂತ 2019ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು. ಅಂಥ ಕಡೆ ಇಡೀ ತೀರವನ್ನು ಫಳಫಳ ಮಾಡುವುದಕ್ಕಿಂತ ಬಾಟಲಿ, ಡಬ್ಬಿಗಳನ್ನು ಮೊದಲು ಎತ್ತುವುದೇ ಜಾಸ್ತಿ ಉಪಯೋಗ.

ಇನ್ನೊಂದು ಮಾತು. ಅಲೆ ತಂದು ಹಾಕಿದ ಕಡಲಪಾಚಿ, ಕಡ್ಡಿ, ಚಿಪ್ಪು ಕಸ ಅಲ್ಲ. ಅದರ ಅಡಿಯಲ್ಲಿ ಚಿಕ್ಕ ಹುಳುಗಳಿರುತ್ತವೆ, ಅವನ್ನು ತಿನ್ನಲು ದಡದ ಹಕ್ಕಿಗಳು ಬರುತ್ತವೆ. ಕಾಡಿನಲ್ಲಿ ಬಿದ್ದ ಒಣಮರವೂ ಹಾಗೇ. ಶುಚಿ ಮಾಡುವ ಉತ್ಸಾಹದಲ್ಲಿ ಅದನ್ನೂ ಗುಡಿಸಿಬಿಡುವ ಗುಂಪುಗಳಿವೆ, ದಯವಿಟ್ಟು ಬೇಡ. ಚೀಲ ತುಂಬಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಹಿಂದಿನ ವಾರವೇ ಗಟ್ಟಿ ಮಾಡಿಕೊಳ್ಳಿ. ಕಟ್ಟಿಟ್ಟ ಚೀಲಗಳು ದಾರಿ ಬದಿಯಲ್ಲೇ ಕೂತು, ನಾಲ್ಕು ದಿನಕ್ಕೆ ನಾಯಿಗಳು ಹರಿದು ಹಾಕಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಓಡುತ್ತಾ ಕಸ ಹೆಕ್ಕುವ ಪ್ಲಾಗಿಂಗ್ ಕೂಡ ಇದೆ, 2016ರಲ್ಲಿ ಸ್ವೀಡನ್ನಿನಲ್ಲಿ ಶುರುವಾದದ್ದು. ಈಗಾಗಲೇ ಓಡುವ ಅಭ್ಯಾಸ ಇರುವವರಿಗೆ ಚೆನ್ನಾಗಿ ಹೊಂದುತ್ತದೆ, ಉಳಿದವರಿಗೆ ನಡೆದುಕೊಂಡು ಹೆಕ್ಕುವುದೇ ವಾಸಿ.

ಸಸಿ ನೆಡುವುದು

ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಮೂರು ವರ್ಷ ನೋಡಿಕೊಳ್ಳುವವರು ಇಲ್ಲದಿದ್ದರೆ ನೆಡಬೇಡಿ.

ಟರ್ಕಿಯಲ್ಲಿ 2019ರ ನವೆಂಬರ್ 11ರಂದು ಒಂದೇ ದಿನ 1.1 ಕೋಟಿ ಸಸಿ ನೆಟ್ಟರು. ಒಂದು ಊರಿನಲ್ಲಿ ಒಂದು ಗಂಟೆಯಲ್ಲಿ 3,03,150 ಸಸಿ ನೆಟ್ಟು ಗಿನ್ನೆಸ್ ದಾಖಲೆಯೂ ಆಯಿತು. ಕೆಲವೇ ತಿಂಗಳಲ್ಲಿ ಅಲ್ಲಿನ ಕೃಷಿ-ಅರಣ್ಯ ಕೆಲಸಗಾರರ ಸಂಘ, ತಾವು ನೋಡಿದ ಕಡೆ ಶೇ. 90ರವರೆಗೆ ಸಸಿಗಳು ಸತ್ತಿವೆ ಅಂದಿತು. ನೆಟ್ಟ ಕಾಲ ಸರಿಯಿಲ್ಲ, ನೀರು ಸಾಲದು, ನೆಟ್ಟವರಿಗೆ ಕೆಲಸ ಗೊತ್ತಿಲ್ಲ ಅನ್ನುವುದು ಅವರ ಆರೋಪ. ಸರ್ಕಾರ ಒಪ್ಪಲಿಲ್ಲ. ಯಾರು ಸರಿ ಅನ್ನುವ ಜಗಳ ನಮಗೆ ಬೇಡ. ನೆಟ್ಟ ಲೆಕ್ಕ ಬೇರೆ, ಬದುಕಿದ ಲೆಕ್ಕ ಬೇರೆ, ಅಷ್ಟು ನೆನಪಿದ್ದರೆ ಸಾಕು.

ಇದಕ್ಕೆ ಎದುರಾಗಿ ಕೆನ್ಯಾದ ಗ್ರೀನ್ ಬೆಲ್ಟ್ ಚಳವಳಿ ನೋಡಿ. 1977ರಲ್ಲಿ ವಂಗಾರಿ ಮಾಥಾಯ್ ಶುರು ಮಾಡಿದ್ದು. ಹಳ್ಳಿಯ ಹೆಂಗಸರೇ ಬೀಜ ಹುಡುಕಿ, ಸಸಿ ಮಡಿ ಮಾಡಿ, ನೆಟ್ಟು, ನೋಡಿಕೊಂಡರು. ಅವರಿಗೆ ಸಿಗುತ್ತಿದ್ದ ಚಿಕ್ಕ ಮೊತ್ತ ನೆಟ್ಟ ಸಸಿಗಲ್ಲ, ಬದುಕಿ ಉಳಿದ ಸಸಿಗೆ. ಕೋಟಿಗಟ್ಟಲೆ ಮರ ಎದ್ದು ನಿಂತವು, 2004ರಲ್ಲಿ ಮಾಥಾಯ್ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಹತ್ತಿರದಲ್ಲೇ ಇರುವವರು, ಮರ ಬೆಳೆದರೆ ಸೌದೆಗೋ ನೆರಳಿಗೋ ಉಪಯೋಗ ಆಗುವವರು ನೆಟ್ಟಾಗ ಆಗುವ ಕೆಲಸ ಇದು. ದೂರದಿಂದ ಬಸ್ಸಿನಲ್ಲಿ ಬಂದು ಹೋಗುವವರಿಂದ ಕಷ್ಟ.

ಇನ್ನೂ ಒಂದು ಇದೆ. ಮರ ಇಲ್ಲದ ಜಾಗವೆಲ್ಲ ಹಾಳು ಜಾಗ ಅಲ್ಲ. ಹುಲ್ಲುಗಾವಲು ತನ್ನಷ್ಟಕ್ಕೇ ಒಂದು ಪೂರ್ತಿ ಲೋಕ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೆ, ಹುಲ್ಲು ಮೇಯುವ ಪ್ರಾಣಿಗಳಿಗೆ ಅಲ್ಲಿ ಮರ ಬಂದರೇ ತೊಂದರೆ. ಬ್ರಿಟನ್ನಿನ ಸ್ವಯಂಸೇವಕ ಸಂರಕ್ಷಣಾ ತಂಡಗಳು 1959ರಲ್ಲಿ ಸರ್ರೆಯ ಬಾಕ್ಸ್ ಹಿಲ್‌ನಲ್ಲಿ ಮೊದಲು ಮಾಡಿದ ಕೆಲಸವೇ ಗಿಡ ಕಡಿಯುವುದು! ಅಲ್ಲಿನ ಹುಲ್ಲುಗಾವಲನ್ನು ಪೊದೆ ಆವರಿಸುತ್ತಿತ್ತು, ಅದನ್ನು ತೆಗೆದರು. ಆದ್ದರಿಂದ ಗುಂಡಿ ತೋಡುವ ಮೊದಲು ಈ ಜಾಗ ಮೊದಲು ಹೇಗಿತ್ತು ಅಂತ ಹಳಬರನ್ನು ಕೇಳಿ.

ನೆಡಲೇಬೇಕು ಅಂತಾದರೆ ಕಮ್ಮಿ ನೆಡಿ. ಆ ನೆಲದ್ದೇ ಜಾತಿಗಳನ್ನು ನೆಡಿ, ಪ್ರತಿ ಸಸಿಗೂ ಒಬ್ಬರ ಹೆಸರು ಬರೆದಿಡಿ. ಸಸಿಯ ಹೆಸರಲ್ಲ, ನೀರು ಹಾಕುವವರ ಹೆಸರು.

ಕಳೆ ಕೀಳುವುದು

ಹೊರಗಿನಿಂದ ಬಂದು ಹಬ್ಬುವ ಗಿಡಗಳನ್ನು ತೆಗೆಯುವುದು ನೋಡಲು ಕಸ ಹೆಕ್ಕಿದಷ್ಟೇ ಸುಲಭ. ಮಾಡಲು ಇಳಿದರೆ ಗೊತ್ತಾಗುತ್ತದೆ. ಇಲ್ಲಿ ಜನ ಜಾಸ್ತಿಯಾದರೇ ತೊಂದರೆ, ಯಾಕೆಂದರೆ ನಲವತ್ತು ಜನ ಒಟ್ಟಿಗೆ ನುಗ್ಗಿ ಎಳೆದು ಕಿತ್ತರೆ ಕಳೆಯ ಜೊತೆ ನಾಳೆ ಮೇಲೇಳಬೇಕಿದ್ದ ಒಳ್ಳೆಯ ಮೊಳಕೆಗಳೂ ಕಾಲಡಿ ಸಾಯುತ್ತವೆ, ಕೆದಕಿದ ಮಣ್ಣಿನಲ್ಲಿ ಮಲಗಿದ್ದ ಕಳೆ ಬೀಜಗಳು ಬೆಳಕು ಕಂಡು ಎದ್ದು ಕೂರುತ್ತವೆ.

ಇದನ್ನು ಸರಿಯಾಗಿ ಮಾಡುವ ದಾರಿ ತೋರಿಸಿದವರು ಸಿಡ್ನಿಯ ಅಕ್ಕತಂಗಿಯರು, ಜೋನ್ ಮತ್ತು ಐಲೀನ್ ಬ್ರಾಡ್ಲಿ. 1960ರ ದಶಕದಲ್ಲಿ ಮನೆ ಹತ್ತಿರದ ಕುರುಚಲು ಕಾಡಿನಲ್ಲಿ ದಿನಾ ಓಡಾಡುವಾಗ ಸ್ವಲ್ಪ ಸ್ವಲ್ಪ ಕಳೆ ತೆಗೆಯುತ್ತಾ ಬಂದರು. ಅವರು ಕಂಡುಕೊಂಡದ್ದು ನಮ್ಮ ಸಹಜ ಯೋಚನೆಗೆ ಪೂರಾ ಉಲ್ಟಾ. ನಾವಾದರೆ ಎಲ್ಲಿ ಕಳೆ ದಟ್ಟವಾಗಿದೆಯೋ ಅಲ್ಲಿಗೇ ಕತ್ತಿ ಹಿಡಿದು ಹೋಗುತ್ತೇವೆ, ಅಲ್ವಾ? ಅವರು ಚೆನ್ನಾಗಿರುವ ಕಡೆಯಿಂದ ಶುರು ಮಾಡಿ ಕೆಟ್ಟಿರುವ ಕಡೆಗೆ ಹೋದರು. ಮಣ್ಣನ್ನು ಆದಷ್ಟೂ ಕದಡಲಿಲ್ಲ, ತೆಗೆದ ಮೇಲೆ ನೆಲವನ್ನು ಮತ್ತೆ ಎಲೆಗಳಿಂದ ಮುಚ್ಚಿದರು. ತಮ್ಮ ಕೆಲಸದ ವೇಗವನ್ನು ಕಾಡಿಗೇ ಬಿಟ್ಟರು, ಅಂದರೆ ತೆಗೆದ ಜಾಗದಲ್ಲಿ ಆ ನೆಲದ ಗಿಡಗಳು ತಾವಾಗಿ ಚಿಗುರಿ ನಿಂತ ಮೇಲಷ್ಟೇ ಮುಂದಿನ ಜಾಗಕ್ಕೆ ಕೈ ಹಾಕುವುದು. ಬ್ರಾಡ್ಲಿ ವಿಧಾನ ಅಂತಲೇ ಇವತ್ತಿಗೂ ಕರೆಯುತ್ತಾರೆ.

ನಾಲ್ಕೈದು ಜನರ ಗುಂಪು, ವಾರಕ್ಕೊಮ್ಮೆ ಎರಡು ಗಂಟೆ, ವರ್ಷಗಟ್ಟಲೆ ತಾಳ್ಮೆ, ಜೊತೆಗೆ ಗಿಡ ಗುರುತಿಸಬಲ್ಲವರು ಕನಿಷ್ಠ ಒಬ್ಬರು. ಇಷ್ಟಿದ್ದರೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗುವುದು ಕಷ್ಟ. ಇಲ್ಲದಿದ್ದರೆ ಮುಟ್ಟಬೇಡಿ. ಹಕ್ಕಿ ಗೂಡು ಕಟ್ಟುವ ಕಾಲದಲ್ಲಂತೂ ಪೊದೆಗೆ ಕೈ ಹಾಕಲೇಬೇಡಿ, ಅದು ಎಂಥ ಕಳೆಯ ಪೊದೆಯೇ ಆಗಿರಲಿ.

ಎಣಿಸುವುದು

ಒಂದನ್ನೇ ಆರಿಸು ಅಂದರೆ ನಾನು ಆರಿಸುವುದು ಇದನ್ನು. ಹಕ್ಕಿ, ಚಿಟ್ಟೆ, ಕಪ್ಪೆ, ಮರದ ಹೂವು, ಏನಾದರೂ ಸರಿ. ಒಂದು ಜಾಗ ಗೊತ್ತು ಮಾಡಿಕೊಂಡು ತಪ್ಪದೆ ಹೋಗಿ ಎಣಿಸುವುದು.

ಕಾರಣ ಇದೆ. ಮುಂದಿನ ವರ್ಷ ಗುಂಪು ಮೂರೇ ಜನಕ್ಕೆ ಇಳಿದರೂ ಈ ಕೆಲಸ ನಿಲ್ಲುವುದಿಲ್ಲ. ತಪ್ಪಾದರೂ ಜಾಗಕ್ಕೆ ಪೆಟ್ಟಿಲ್ಲ. ಎಣಿಸಲು ಕೂತವರು ತಾನಾಗಿಯೇ ಮೆಲ್ಲಗೆ ನಡೆಯುತ್ತಾರೆ, ಮೆಲ್ಲಗೆ ಮಾತಾಡುತ್ತಾರೆ. ಜವಾಬ್ದಾರಿಯಿಂದ ತಿರುಗಾಡುವುದು ಹೇಗೆ ಅಂತ ಪಾಠ ಮಾಡಬೇಕಾಗಿಯೇ ಇಲ್ಲ. ಆ ಜಾಗಕ್ಕೆ ನಿಜವಾಗಿ ಏನು ಬೇಕು ಅನ್ನುವ ಮೊದಲ ಪ್ರಶ್ನೆಗೆ ಉತ್ತರ ಸಿಗುವುದೂ ಇಲ್ಲೇ. ಒಂದು ವರ್ಷ ಎಣಿಸಿದ ಗುಂಪಿಗೆ ಎಲ್ಲಿ ನೆಡಬಾರದು, ಯಾವ ತಿಂಗಳು ಎಲ್ಲಿ ಹೋಗಬಾರದು ಅನ್ನುವುದು ಬಾಯಿಪಾಠ ಆಗಿರುತ್ತದೆ.

ಇದರ ಇತಿಹಾಸವೂ ಚೆನ್ನಾಗಿದೆ. ಅಮೆರಿಕದಲ್ಲಿ ಕ್ರಿಸ್ಮಸ್ ಸಮಯದಲ್ಲಿ ಎರಡು ಗುಂಪು ಮಾಡಿಕೊಂಡು ಯಾರು ಹೆಚ್ಚು ಹಕ್ಕಿ, ಪ್ರಾಣಿ ಹೊಡೆಯುತ್ತಾರೆ ಅನ್ನುವ ಪಂದ್ಯ ನಡೆಯುತ್ತಿತ್ತು. 1900ರಲ್ಲಿ ಫ್ರಾಂಕ್ ಚಾಪ್‌ಮನ್ ಅನ್ನುವ ಪಕ್ಷಿತಜ್ಞರು, ಹೊಡೆಯುವ ಬದಲು ಎಣಿಸೋಣ ಬನ್ನಿ ಅಂದರು. ಆ ಡಿಸೆಂಬರ್ 25ರಂದು ಬಂದವರು 27 ಜನ. ಆ ಎಣಿಕೆ ಇವತ್ತಿಗೂ ಪ್ರತಿ ವರ್ಷ ನಡೆಯುತ್ತದೆ. ಪಂದ್ಯದ ಹುಮ್ಮಸ್ಸು ಹಾಗೇ ಉಳಿಯಿತು, ಬಂದೂಕು ಹೋಯಿತು.

ಸಾಮಾನ್ಯ ಜನರ ಲೆಕ್ಕದಿಂದ ಏನಾಗುತ್ತದೆ ಅನ್ನುವವರಿಗೆ ಎರಡು ಉದಾಹರಣೆ. ಕೆನಡಾದ ಫ್ರೆಡ್ ಮತ್ತು ನೋರಾ ಅರ್ಕ್ಹಾರ್ಟ್ ದಂಪತಿ ಮೊನಾರ್ಕ್ ಚಿಟ್ಟೆಗಳು ಚಳಿಗಾಲದಲ್ಲಿ ಎಲ್ಲಿಗೆ ಹೋಗುತ್ತವೆ ಅಂತ ತಿಳಿಯಲು, ಸಾವಿರಾರು ಸ್ವಯಂಸೇವಕರ ಕೈಯಲ್ಲಿ ಚಿಟ್ಟೆಯ ರೆಕ್ಕೆಗೆ ಚಿಕ್ಕ ಚೀಟಿ ಅಂಟಿಸಿದರು. 1975ರಲ್ಲಿ ಮೆಕ್ಸಿಕೋದ ಬೆಟ್ಟಗಳಲ್ಲಿ ಆ ಜಾಗ ಸಿಕ್ಕಿತು. ಮರುವರ್ಷ ಫ್ರೆಡ್ ಅಲ್ಲಿಗೇ ಹೋದಾಗ ಕಣ್ಣಿಗೆ ಬಿದ್ದ ಒಂದು ಚೀಟಿಯ ಚಿಟ್ಟೆ, ಅಮೆರಿಕದ ಮಿನ್ನೆಸೋಟಾದಲ್ಲಿ ಒಬ್ಬ ಮೇಷ್ಟರು ಮತ್ತು ಇಬ್ಬರು ಹುಡುಗರು ಗುರುತು ಮಾಡಿ ಬಿಟ್ಟದ್ದು. ಇನ್ನೊಂದು ಜರ್ಮನಿಯದು. ಕ್ರೆಫೆಲ್ಡ್ ಊರಿನ ಹವ್ಯಾಸಿ ಕೀಟಪ್ರಿಯರ ಸಂಘ, 63 ಸಂರಕ್ಷಿತ ಜಾಗಗಳಲ್ಲಿ ಒಂದೇ ಥರದ ಬಲೆ ಕಟ್ಟಿ, ಸಿಕ್ಕ ಹಾರುವ ಕೀಟಗಳನ್ನು ತೂಗಿ ಬರೆದಿಡುತ್ತಾ ಬಂತು. 27 ವರ್ಷಗಳಲ್ಲಿ ಆ ತೂಕ ಶೇ. 75ಕ್ಕಿಂತ ಹೆಚ್ಚು ಇಳಿದಿದೆ ಅಂತ 2017ರಲ್ಲಿ ಪ್ರಕಟವಾದಾಗ ಜಗತ್ತೇ ಗಾಬರಿಯಾಯಿತು. ಅವರ ಲೆಕ್ಕಕ್ಕೆ ಅಷ್ಟು ಬೆಲೆ ಬಂದದ್ದು ಯಾವಾಗಲೂ ಒಂದೇ ರೀತಿ ಅಳೆದಿದ್ದರಿಂದ.

ನೀವೂ ಹಾಗೇ ಮಾಡಿ. ಅದೇ ದಾರಿ, ಅದೇ ಹೊತ್ತು, ಅಷ್ಟೇ ಸಮಯ. ಏನೂ ಕಾಣದ ದಿನವೂ ಬರೆದಿಡಿ, ಸೊನ್ನೆಯೂ ಲೆಕ್ಕವೇ. ಕಂಡದ್ದನ್ನು ದಾಖಲಿಸಲು ಹಕ್ಕಿಗೆ ಇಬರ್ಡ್, ಉಳಿದ ಜೀವಿಗಳಿಗೆ ಐನ್ಯಾಚುರಲಿಸ್ಟ್ ಅನ್ನುವ ಆ್ಯಪ್‌ಗಳಿವೆ, ಎರಡೂ ಉಚಿತ. ಹೆಸರು ಗೊತ್ತಿಲ್ಲದ ಹುಳುವಿನ ಫೋಟೋ ಐನ್ಯಾಚುರಲಿಸ್ಟ್‌ಗೆ ಹಾಕಿದರೆ ಗೊತ್ತಿರುವವರು ಯಾರಾದರೂ ಗುರುತು ಹಿಡಿಯಬಹುದು. ಅಪಾಯದಲ್ಲಿರುವ ಜೀವಿಗಳ ನಿಖರವಾದ ಜಾಗವನ್ನು ಅದು ತಾನೇ ಮಸುಕು ಮಾಡುತ್ತದೆ. ನೀವು ವಾಟ್ಸಾಪ್ ಗುಂಪಿನಲ್ಲಿ ಗೂಡಿನ ಲೊಕೇಶನ್ ಹಾಕಿದರೆ ಮಸುಕು ಮಾಡುವವರು ಯಾರೂ ಇಲ್ಲ. ಹಾಗೆಯೇ ಹಕ್ಕಿ ಹೊರಗೆ ಬರಲಿ ಅಂತ ಫೋನಿನಲ್ಲಿ ಅದರ ಕೂಗು ಹಾಕಬೇಡಿ. ತನ್ನ ಜಾಗಕ್ಕೆ ಇನ್ನೊಂದು ನುಗ್ಗಿದೆ ಅಂದುಕೊಂಡು ಅದು ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ.

ಇದರ ಕೊರತೆ? ಮೊದಲ ಕೆಲವು ತಿಂಗಳು ಬೇಸರ. ಏನೂ ಆಗುತ್ತಿಲ್ಲ ಅನಿಸುತ್ತದೆ. ಕೈ ಕೆಲಸ ಬೇಕು ಅನ್ನುವವರು ಇಲ್ಲಿ ಉಳಿಯುವುದಿಲ್ಲ. ಅವರಿಗೆ ಮುಂದಿನದು.

ಕಾಲುದಾರಿ ದುರಸ್ತಿ

ಫೋಟೋಗೆ ಸಿಗದ, ಆದರೆ ಬಹಳ ಬೇಕಾದ ಕೆಲಸ. ಬೆಟ್ಟದ ದಾರಿ ಹಾಳಾಗುವುದು ಕಾಲಿನಿಂದ ಅಷ್ಟೇ ಅಲ್ಲ, ನೀರಿನಿಂದ. ದಾರಿ ಇಳಿಜಾರಿಗೆ ನೇರವಾಗಿದ್ದರೆ ಮಳೆ ನೀರು ಅದನ್ನೇ ಕಾಲುವೆ ಮಾಡಿಕೊಳ್ಳುತ್ತದೆ. ದಾರಿ ಕೊರಕಲಾಗುತ್ತದೆ, ಜನ ಪಕ್ಕದಲ್ಲಿ ನಡೆಯುತ್ತಾರೆ, ಅಲ್ಲೂ ಹುಲ್ಲು ಸಾಯುತ್ತದೆ, ಒಂದು ದಾರಿ ಇದ್ದ ಕಡೆ ನಾಲ್ಕಾಗುತ್ತವೆ. ಅಡ್ಡಲಾಗಿ, ಸ್ವಲ್ಪ ಓರೆಯಾಗಿ ಕಲ್ಲೋ ಮರದ ದಿಮ್ಮಿಯೋ ಹೂತು ನೀರನ್ನು ಬದಿಗೆ ತಿರುಗಿಸುವುದು, ಮಳೆಗಾಲಕ್ಕೆ ಮುಂಚೆ ತುಂಬಿಕೊಂಡ ಚರಂಡಿ ಬಿಡಿಸುವುದು, ಅಡ್ಡದಾರಿಗಳಿಗೆ ಕೊಂಬೆ ಹಾಕಿ ಮುಚ್ಚುವುದು, ಮುಖ್ಯ ಕೆಲಸ ಇಷ್ಟೇ.

ಎಂಟು ಹತ್ತು ಗಟ್ಟಿಮುಟ್ಟಾದವರು, ಹಾರೆ ಗುದ್ದಲಿ, ತಿಳಿದವರೊಬ್ಬರು, ಜಾಗದ ಉಸ್ತುವಾರಿ ಇರುವವರ ಲಿಖಿತ ಒಪ್ಪಿಗೆ, ಇವು ಇಲ್ಲದೆ ಆಗದು. ಒಪ್ಪಿಗೆ ಇಲ್ಲದೆ ಹೊಸ ದಾರಿ ಕಡಿಯುವುದು ಸೇವೆ ಅಲ್ಲ. ವರ್ಷಕ್ಕೆ ಎರಡು ದಿನ ಮಾತ್ರ ಸಿಗುವ, ಆದರೆ ಬೆವರು ಸುರಿಸಲು ತಯಾರಿರುವ ಚಾರಣದ ಗುಂಪಿಗೆ ಸಸಿ ನೆಡುವುದಕ್ಕಿಂತ ಇದು ಎಷ್ಟೋ ಮೇಲು.

ಕರೆದುಕೊಂಡು ಹೋಗಿ ತೋರಿಸುವುದು

ಹೊಸಬರನ್ನು ಕರೆದೊಯ್ಯುವ ನಡಿಗೆಗಳು, ರಾತ್ರಿ ಬಿಳಿ ಬಟ್ಟೆಗೆ ದೀಪ ಹಾಕಿ ಪತಂಗ ನೋಡುವುದು, ನಕ್ಷತ್ರ ನೋಡುವುದು ಎಲ್ಲ ಇದರಲ್ಲೇ ಬರುತ್ತವೆ. ಒಬ್ಬರ ಹಿಂದೆ ಹನ್ನೆರಡಕ್ಕಿಂತ ಜಾಸ್ತಿ ಜನ ಬೇಡ, ಹಿಂದಿನವರಿಗೆ ಏನೂ ಕೇಳುವುದಿಲ್ಲ, ಅವರು ತಮ್ಮ ತಮ್ಮಲ್ಲೇ ಮಾತು ಶುರು ಮಾಡುತ್ತಾರೆ.

ಇಲ್ಲಿ ಕಲಿಸಬೇಕಾದ್ದು ಉಪದೇಶ ಅಲ್ಲ, ಅಳತೆ. ಪ್ರಕೃತಿಯನ್ನು ಪ್ರೀತಿಸಿ ಅಂದರೆ ಯಾರಿಗೂ ಏನೂ ಮಾಡಲು ತಿಳಿಯುವುದಿಲ್ಲ. ಬಯಲಿಗೆ ಹೋಗುವುದಾದರೆ ನೀರಿನಿಂದ ಕನಿಷ್ಠ 60 ಮೀಟರ್ ದೂರ, 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ, ಆಮೇಲೆ ಮುಚ್ಚುವುದು ಅಂದರೆ ತಿಳಿಯುತ್ತದೆ. ಲೀವ್ ನೋ ಟ್ರೇಸ್, ಅಂದರೆ ಹೋದ ಗುರುತೇ ಉಳಿಸಬೇಡಿ, ಅನ್ನುವ ಏಳು ನಿಯಮಗಳಲ್ಲಿ ಇಂಥವು ಬೇಕಾದಷ್ಟಿವೆ. ದಾರಿ ಕೆಸರಾಗಿದ್ದರೆ ಸುತ್ತಿಕೊಂಡು ಹೋಗದೆ ಕೆಸರಿನಲ್ಲೇ ನಡೆಯಬೇಕು ಅನ್ನುವುದು ಜನರಿಗೆ ಒಪ್ಪಿಸಲು ಬಹಳ ಕಷ್ಟದ ಪಾಠ, ಶೂ ಹಾಳಾಗುತ್ತದಲ್ಲ! ತುಳಿತದ ಬಗ್ಗೆ ಅಧ್ಯಯನ ಮಾಡಿದವರು ಕಂಡದ್ದು ಹೀಗೆ: ಯಾರೂ ಕಾಲಿಡದ ನೆಲಕ್ಕೆ ಮೊದಮೊದಲ ತುಳಿತದಿಂದಲೇ ಹೆಚ್ಚಿನ ಹಾನಿ ಆಗಿಬಿಡುತ್ತದೆ, ಈಗಾಗಲೇ ಸವೆದ ದಾರಿಗೆ ಇನ್ನೂ ನೂರು ಜನ ನಡೆದರೂ ಹೊಸ ಹಾನಿ ಕಮ್ಮಿ. ಅದಕ್ಕೇ ಜನ ಬರುವ ಕಡೆ ಇರುವ ದಾರಿಯಲ್ಲೇ, ಒಬ್ಬರ ಹಿಂದೆ ಒಬ್ಬರು ನಡೆಯಿರಿ ಅನ್ನುವುದು.

ಈ ಆಯ್ಕೆಯ ಅಪಾಯ ಬೇರೆ ಥರದ್ದು. ಚೆನ್ನಾಗಿ ನಡೆದರೆ ಜನ ಜಾಸ್ತಿ ಬರುತ್ತಾರೆ, ಜಾಗಕ್ಕೆ ಹೊರೆ ಜಾಸ್ತಿ. ಆದ್ದರಿಂದ ಸೂಕ್ಷ್ಮ ಜಾಗದಲ್ಲಿ ಬೇಡ, ಈಗಾಗಲೇ ಜನ ಓಡಾಡುವ ಕೆರೆ ದಂಡೆಯಲ್ಲೋ ಉದ್ಯಾನದಲ್ಲೋ ಮಾಡಿ.

ಹಾಗಾದರೆ ನಿಮಗೆ ಯಾವುದು

ವರ್ಷಕ್ಕೊಂದು ದಿನ, ಐವತ್ತು ಜನ, ಅರ್ಧ ಮಕ್ಕಳು: ಕಸ ಹೆಕ್ಕಿ, ಎಣಿಸಿ. ಬೇರೆ ಯೋಚನೆ ಬೇಡ. ಒಂದೇ ಕಡೆ ವಾಸವಿರುವ, ಬಿಟ್ಟು ಹೋಗದ ಐದಾರು ಜನ: ಮೊದಲ ವರ್ಷ ಎಣಿಕೆ, ಎರಡನೇ ವರ್ಷದಿಂದ ಬೇಕಾದರೆ ಕಳೆ. ವಾರಾಂತ್ಯದ ಚಾರಣದವರು: ದಾರಿ ದುರಸ್ತಿ. ಶಾಲೆ: ಎಣಿಕೆಯೇ, ಯಾಕೆಂದರೆ ಮಕ್ಕಳು ಬದಲಾದರೂ ಲೆಕ್ಕದ ಪುಸ್ತಕ ಶಾಲೆಯಲ್ಲೇ ಉಳಿಯುತ್ತದೆ. ಬೇಸಿಗೆಯಲ್ಲಿ ನೀರಿನ ಏರ್ಪಾಡು ಗಟ್ಟಿ ಇದ್ದರೆ ಮಾತ್ರ ಹತ್ತಿಪ್ಪತ್ತು ಸಸಿ.

ಕಂಪನಿಯವರು ನೂರಾರು ಜನರನ್ನು ಕಳಿಸುತ್ತೇವೆ, ಅರ್ಧ ದಿನ ಏನಾದರೂ ಮಾಡಿಸಿ ಅಂತ ಕೇಳಿಕೊಂಡು ಬಂದರೆ, ಅವರಿಗೂ ಕಸವೇ ಸರಿ, ಅದೂ ರಸ್ತೆ ಬದಿಯದ್ದು. ಕಾಡಿನೊಳಗೆ ಅಷ್ಟು ಕಾಲು ಬೇಡ. ಅವರು ಸಸಿಯೇ ನೆಡಬೇಕು ಅಂತ ಹಟ ಹಿಡಿದರೆ ಮೂರು ವರ್ಷದ ನೀರಿನ ಖರ್ಚನ್ನು ಮೊದಲೇ ಕೇಳಿ. ಕೊಡುತ್ತೇವೆ ಅಂದರೆ ಮಾತು ಮುಂದುವರಿಸಿ.